ತೂಕ ನೋಡುವ ಹೊತ್ತು



ಬಾಕ್ಸಿಂಗ್‌ನಲ್ಲಿ ತೂಕ ವಿಭಾಗಗಳು ಹೆಚ್ಚಿದ್ದರಿಂದ, ಸುತ್ತುಗಳು ಕಡಿಮೆಯಾದದ್ದರಿಂದ ಆಟಕ್ಕೆ ಒಳಿತಾಯಿತೇ ಎಂಬ ಪ್ರಶ್ನೆಯನ್ನು ಸಂಘಟಕರು ಈ ಸಂಕಿರಣಕ್ಕೆ ಆರಿಸಿಕೊಂಡಿದ್ದಾರೆ. ರಿಂಗ್ ಪಕ್ಕದ ವೈದ್ಯರ ಕುರ್ಚಿಯಲ್ಲಿ ಬಹಳ ವರ್ಷ ಕೂತವನು ನಾನು. ಆ ಕುರ್ಚಿಯ ಕಾರಣದಿಂದಲೇ ಈ ವೇದಿಕೆಗೆ ಕರೆದಿದ್ದಾರೆಂದು ತಿಳಿದು, ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವಿಭಾಗಗಳು ಹೆಚ್ಚಿದ್ದು ಒಳ್ಳೆಯದಾಯಿತು. ಸುತ್ತು ಕಡಿಮೆಯಾದದ್ದೂ ಒಳ್ಳೆಯದಾಯಿತು. ಆದರೆ ಈ ಎರಡರ ಫಲವನ್ನೂ ಮೂರನೆಯ ಬದಲಾವಣೆಯೊಂದು ತಿಂದುಹಾಕಿತು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ನೋಡುವ ಹೊತ್ತು ಪಂದ್ಯದ ದಿನದ ಬೆಳಿಗ್ಗೆಯಿಂದ ಹಿಂದಿನ ದಿನಕ್ಕೆ ಸರಿಯಿತು. ನಮ್ಮ ವಿದ್ವಾಂಸರು ವಿಭಾಗಗಳನ್ನು ಎಣಿಸಿದರು, ಸುತ್ತುಗಳನ್ನು ಎಣಿಸಿದರು, ಈ ಹೊತ್ತನ್ನು ಮಾತ್ರ ಅಡಿಟಿಪ್ಪಣಿಗೆ ತಳ್ಳಿದರು. ಈ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲೇ ಎಂಬುದು ನನ್ನ ಬಹುಕಾಲದ ನಂಬಿಕೆ.

ಬಾಕ್ಸರ್‌ಗಳ ಮಿದುಳಿನ ಬಗ್ಗೆ 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬರೆದ ಲೇಖನದಿಂದ ಹಿಡಿದು, 1973ರಲ್ಲಿ ಕಾರ್ಸೆಲಿಸ್ ತಂಡ ನಡೆಸಿದ 15 ನಿವೃತ್ತ ಬಾಕ್ಸರ್‌ಗಳ ಮಿದುಳಿನ ಪರೀಕ್ಷೆಯವರೆಗೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ಮೊದಲ ಸಾಲಿನಲ್ಲಿ ಕೂತಿರುವ ನಮ್ಮ ನರರೋಗ ತಜ್ಞ ಮಿತ್ರರು ಮಧ್ಯಾಹ್ನದ ಗೋಷ್ಠಿಯಲ್ಲಿ ನನಗಿಂತ ಚೆನ್ನಾಗಿ ಹೇಳಲಿದ್ದಾರೆ. ಅಂಕಿಅಂಶದ ಕೆಲಸ ಸಂಖ್ಯಾಶಾಸ್ತ್ರ ವಿಭಾಗದವರದು. ನಾನು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಸುತ್ತುಗಳ ಮಾತು. 1893ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆ್ಯಂಡಿ ಬೋವೆನ್ ಮತ್ತು ಜಾಕ್ ಬರ್ಕ್ 110 ಸುತ್ತು ಸೆಣಸಿದರು. ಏಳು ಗಂಟೆ ಮೀರಿ ನಡೆದರೂ ಪಂದ್ಯ ಇತ್ಯರ್ಥವಾಗಲಿಲ್ಲ. 1915ರಲ್ಲಿ ಹವಾನಾದಲ್ಲಿ ಜ್ಯಾಕ್ ಜಾನ್ಸನ್ ಮತ್ತು ಜೆಸ್ ವಿಲ್ಲರ್ಡ್ ನಡುವಣ ಪಂದ್ಯಕ್ಕೆ ಗೊತ್ತು ಮಾಡಿದ್ದು 45 ಸುತ್ತು, ಅದು ಮುಗಿದದ್ದು 26ನೆಯದರಲ್ಲಿ. ಮುಂದೆ ವಿಶ್ವ ಪ್ರಶಸ್ತಿಗೆ 15 ಸುತ್ತು ಎಂಬುದು ಸ್ಥಿರವಾಯಿತು. ಅದು ಹನ್ನೆರಡಕ್ಕೆ ಇಳಿದ ಕಥೆ ಇಲ್ಲಿರುವ ಅನೇಕರಿಗೆ ಗೊತ್ತು. ವಿದ್ಯಾರ್ಥಿಗಳಿಗಾಗಿ ಮತ್ತೊಮ್ಮೆ ಹೇಳುತ್ತೇನೆ.

1982ರ ನವೆಂಬರ್ 13, ಲಾಸ್ ವೇಗಸ್. ಸೀಸರ್ಸ್ ಪ್ಯಾಲೆಸ್‌ನ ಬಯಲು ರಿಂಗ್‌ನಲ್ಲಿ ಅಮೆರಿಕದ ರೇ ಮ್ಯಾನ್ಸಿನಿ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ. 135 ಪೌಂಡ್‌ಗಳ ಲೈಟ್‌ವೆಯ್ಟ್ ವಿಭಾಗ. ಕಿಮ್ ಆ ತೂಕಕ್ಕೆ ಇಳಿಯಲು ಬಹಳ ಒದ್ದಾಡಿದ್ದ. ಹದಿಮೂರು ಸುತ್ತು ಇಬ್ಬರೂ ಹಿಮ್ಮೆಟ್ಟದೆ ಬಡಿದಾಡಿದರು. ಹದಿನಾಲ್ಕನೆಯ ಸುತ್ತಿನ ಆರಂಭದಲ್ಲೇ ಮ್ಯಾನ್ಸಿನಿಯ ಬಲಗೈ ಹೊಡೆತಕ್ಕೆ ಕಿಮ್ ನೆಲಕ್ಕೆ ಬಿದ್ದ. ಹಗ್ಗ ಹಿಡಿದು ಎದ್ದ. ರೆಫರಿ ರಿಚರ್ಡ್ ಗ್ರೀನ್ ಪಂದ್ಯ ನಿಲ್ಲಿಸಿದರು. ಕಿಮ್ ಪ್ರಜ್ಞೆ ತಪ್ಪಿದ, ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡ. ಮುಂದಿನ ವರ್ಷ ಅವನ ತಾಯಿ ಪ್ರಾಣ ಕಳೆದುಕೊಂಡರು, ರೆಫರಿ ಗ್ರೀನ್ ಕೂಡ.

ಅದು ಡಬ್ಲ್ಯುಬಿಎ ಎಂಬ ಬಾಕ್ಸಿಂಗ್ ಸಂಸ್ಥೆಯ ಪ್ರಶಸ್ತಿ ಪಂದ್ಯವಾಗಿತ್ತು. ಆದರೆ ಮೊದಲು ಸುತ್ತು ಕಡಿತ ಮಾಡಿದ್ದು ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಸಿ. 1983ರಿಂದ ಅದರ ಪ್ರಶಸ್ತಿ ಪಂದ್ಯಗಳು 12 ಸುತ್ತಿಗೆ ಇಳಿದವು. ಡಬ್ಲ್ಯುಬಿಎ 1987ರಲ್ಲಿ, ಐಬಿಎಫ್ 1988ರಲ್ಲಿ ಅದೇ ದಾರಿ ಹಿಡಿದವು. ವಿರಾಮ ಸೇರಿ 59 ನಿಮಿಷದ ಪಂದ್ಯ 47 ನಿಮಿಷಕ್ಕೆ ಬಂತು. ಟಿವಿಯ ಒಂದು ಗಂಟೆಯ ಅವಧಿಗೆ ಅದು ಸಲೀಸಾಗಿ ಹೊಂದಿಕೊಂಡಿತು ಎಂಬುದನ್ನೂ ಮರೆಯಬಾರದು.

ಪ್ರಾಣಹಾನಿ ಇಳಿಯಿತೇ? ಇಳಿಯಿತು. ನರಶಸ್ತ್ರ ವೈದ್ಯರ ತಂಡವೊಂದು 2010ರಲ್ಲಿ ಪ್ರಕಟಿಸಿದ ಅಧ್ಯಯನ 1950ರಿಂದ 2007ರವರೆಗಿನ 339 ಸಾವುಗಳನ್ನು ಪರಿಶೀಲಿಸಿತು. 1983ರ ನಂತರ ಸಾವುಗಳು ಗಣನೀಯವಾಗಿ ಕಡಿಮೆಯಾದದ್ದು ಅದರಲ್ಲಿ ಸ್ಪಷ್ಟ. ಆದರೆ ಸುತ್ತು ಕಡಿತವೇ ಅದಕ್ಕೆ ಕಾರಣ ಎನ್ನಲು ಆಧಾರ ಅವರಿಗೆ ಸಿಗಲಿಲ್ಲ. ವೃತ್ತಿಜೀವನ ಮೊಟಕಾದದ್ದು, ಪಂದ್ಯಗಳ ಸಂಖ್ಯೆ ಇಳಿದದ್ದು, ವೈದ್ಯಕೀಯ ನಿಗಾ ಬಿಗಿಯಾದದ್ದು ಕಾರಣವಿರಬಹುದೆಂದು ಅವರು ಊಹಿಸಿದರು. ಅದೇ ಅಧ್ಯಯನದ ಇನ್ನೊಂದು ಮಾತನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ: ಸಾವಿನ ಪಾಲು ಕಡಿಮೆ ತೂಕದ ವಿಭಾಗಗಳಲ್ಲೇ ಹೆಚ್ಚು. ಹೆವಿವೆಯ್ಟ್‌ಗಳ ಹೊಡೆತದ ಬಲವನ್ನು ನೋಡಿ ಬೆದರುವ ನಾವು ಈ ಮಾತನ್ನು ಓದಿ ಸುಮ್ಮನೆ ಮುಂದೆ ಹೋಗುತ್ತೇವೆ. ಹೆವಿವೆಯ್ಟ್‌ನವನಿಗೆ ತೂಕ ಇಳಿಸುವ ಹಂಗಿಲ್ಲ. ಕೆಳಗಿನ ವಿಭಾಗದವನಿಗೆ ಅದೇ ನಿತ್ಯದ ಪಾಡು. ಈ ಎರಡಕ್ಕೂ ನಂಟಿದೆಯೇ? ಎಷ್ಟೋ ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

ಸುತ್ತು ಕಡಿತವೊಂದೇ ಸಾಕಾಗದು ಎನ್ನಲು ಎರಡು ಘಟನೆ ನೆನಪಿಸುತ್ತೇನೆ. 1991ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯುಬ್ಯಾಂಕ್ ಎದುರು ಮೈಕೇಲ್ ವಾಟ್ಸನ್ ಕುಸಿದದ್ದು 12 ಸುತ್ತಿನ ಪಂದ್ಯದ ಕೊನೆಯ ಸುತ್ತಿನಲ್ಲಿ. ಅವರು ಬದುಕಿ ಉಳಿದರು, ಆದರೆ ದೇಹ ಮೊದಲಿನಂತಾಗಲಿಲ್ಲ. ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ಮೇಲೆ ಮೊಕದ್ದಮೆ ಹೂಡಿ ಗೆದ್ದರು. ನ್ಯಾಯಾಲಯ ಒತ್ತಿ ಹೇಳಿದ್ದು ರಿಂಗ್ ಪಕ್ಕದಲ್ಲೇ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಬೇಕಿತ್ತು ಎಂಬುದನ್ನು. ಇನ್ನೊಂದು, 2025ರ ಆಗಸ್ಟ್ 2ರಂದು ಟೋಕಿಯೋದ ಕೊರಾಕುಎನ್ ಹಾಲ್‌ನಲ್ಲಿ ನಡೆದದ್ದು. ಒಂದೇ ರಾತ್ರಿ, ಒಂದೇ ರಿಂಗ್‌ನಲ್ಲಿ ಹೋರಾಡಿದ ಶಿಗೆತೋಶಿ ಕೊತಾರಿ ಮತ್ತು ಹಿರೊಮಾಸ ಉರಾಕಾವ ಎಂಬ ಇಬ್ಬರು ಮಿದುಳಿನ ಗಾಯದಿಂದ ತೀರಿಕೊಂಡರು. ಕೊತಾರಿಯ ಪಂದ್ಯ 12 ಸುತ್ತಿನದು, ಡ್ರಾ ಆಯಿತು. ಉರಾಕಾವ ಕುಸಿದದ್ದು ಎಂಟನೆಯ ಸುತ್ತಿನಲ್ಲಿ. ಆಮೇಲೆ ಅಧಿಕಾರಿಗಳು ಮೊದಲು ಪ್ರಕಟಿಸಿದ ಕ್ರಮವೆಂದರೆ ಓರಿಯೆಂಟಲ್ ಮತ್ತು ಪೆಸಿಫಿಕ್ ಪ್ರಶಸ್ತಿ ಪಂದ್ಯಗಳನ್ನು 12ರಿಂದ 10 ಸುತ್ತಿಗೆ ಇಳಿಸುವುದು. ನಾಲ್ಕು ದಶಕ ಕಳೆದರೂ ನಮ್ಮ ಕೈ ಮೊದಲು ಹೋಗುವುದು ಗಡಿಯಾರದ ಕಡೆಗೇ.

ಇಲ್ಲಿ ಮೈಸೂರಿನವರು ಹಲವರಿದ್ದೀರಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಕಂಡಿದ್ದೀರಿ. ಅಲ್ಲಿ ಸುತ್ತಿನ ಲೆಕ್ಕವಿಲ್ಲ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕ್ಷಣವೇ ಕಾಳಗ ಮುಗಿಯಿತು. ಅದು ಆಚರಣೆ, ಇದು ಸ್ಪರ್ಧೆ, ಎರಡನ್ನೂ ಒಂದೇ ಎನ್ನುತ್ತಿಲ್ಲ. ಆದರೆ ಕಾದಾಟ ಯಾವಾಗ ನಿಲ್ಲಬೇಕೆಂಬುದನ್ನು ದೇಹವನ್ನು ನೋಡಿ ತೀರ್ಮಾನಿಸುವ ಪದ್ಧತಿ ನಮಗೆ ಹೊಸದಲ್ಲ. 1975ರಲ್ಲಿ ಮನಿಲಾದಲ್ಲಿ ಅಲಿ ಎದುರು ಹದಿನಾಲ್ಕು ಸುತ್ತು ಮುಗಿಸಿ ಬಂದ ಫ್ರೇಜಿಯರ್‌ನನ್ನು ಹದಿನೈದನೆಯದಕ್ಕೆ ಬಿಡದೆ ಕೂರಿಸಿದವರು ಅವರ ತರಬೇತುದಾರ ಎಡ್ಡಿ ಫಚ್. ಫ್ರೇಜಿಯರ್ ಬೇಡವೆಂದರೂ ಅವರು ಜಗ್ಗಲಿಲ್ಲ. ಕಾರ್ನರ್‌ನಲ್ಲಿ ನಿಲ್ಲುವ ಪ್ರತಿಯೊಬ್ಬ ಕೋಚ್ ಕಲಿಯಬೇಕಾದ ಪಾಠ ಆ ಒಂದು ನಿಮಿಷದಲ್ಲಿದೆ.

ಸುತ್ತು ಇಳಿದದ್ದರಿಂದ ಆಟ ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡಲಾರೆ. 1941ರಲ್ಲಿ ಮುನ್ನಡೆಯಲ್ಲಿದ್ದ ಬಿಲ್ಲಿ ಕಾನ್‌ರನ್ನು ಜೋ ಲೂಯಿ ಉರುಳಿಸಿದ್ದು ಹದಿಮೂರನೆಯ ಸುತ್ತಿನಲ್ಲಿ. 1952ರಲ್ಲಿ ಹಿಂದೆ ಬಿದ್ದಿದ್ದ ಮಾರ್ಸಿಯಾನೊ ವಾಲ್ಕಾಟ್‌ರನ್ನು ಮಲಗಿಸಿದ್ದೂ ಹದಿಮೂರನೆಯದರಲ್ಲೇ. 1981ರಲ್ಲಿ ಹರ್ನ್ಸ್ ವಿರುದ್ಧ ಲೆನರ್ಡ್ ಗೆದ್ದದ್ದು ಹದಿನಾಲ್ಕರಲ್ಲಿ. ಈಗಿನ ನಿಯಮದಲ್ಲಿ ಈ ಮೂರೂ ಪಂದ್ಯಗಳ ಫಲಿತಾಂಶ ತಿರುಗಿಬಿಡುತ್ತಿತ್ತು. ಕೊನೆಯ ಮೂರು ಸುತ್ತುಗಳು ಬೇರೆಯದೇ ಬಗೆಯ ಆಟಗಾರನನ್ನು ಕೇಳುತ್ತಿದ್ದವು. ಅಂಥ ಪಂದ್ಯಗಳನ್ನು ಪ್ರೀತಿಸಿ ಬೆಳೆದವನು ನಾನು. ಆದರೂ ವೈದ್ಯನಾಗಿ ನನ್ನ ತೀರ್ಪು 12 ಸುತ್ತಿನ ಪರವಾಗಿಯೇ ಇದೆ. ದಣಿದ ಕುತ್ತಿಗೆ, ಬತ್ತಿದ ದೇಹ, ಮಂಕಾದ ಕಣ್ಣು ಇವು ಮೂರೂ ಕೂಡಿದ ಹೊತ್ತಿನಲ್ಲಿ ತಲೆಗೆ ಬೀಳುವ ಏಟನ್ನು ಕಡಿಮೆ ಮಾಡುವ ಯಾವ ಕ್ರಮವನ್ನೂ ನಾನು ವಿರೋಧಿಸಲಾರೆ.

ಈಗ ತೂಕ ವಿಭಾಗಗಳು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವಿಭಾಗಗಳನ್ನು ನಿಗದಿ ಮಾಡಿತು. ಇವತ್ತು ಹದಿನೇಳಿವೆ, 2020ರಲ್ಲಿ ಡಬ್ಲ್ಯುಬಿಸಿ ಸೇರಿಸಿದ ಬ್ರಿಜರ್‌ವೆಯ್ಟ್ ಹಿಡಿದರೆ ಹದಿನೆಂಟು. ನಾಲ್ಕು ಸಂಸ್ಥೆಗಳು ಒಂದೊಂದು ವಿಭಾಗಕ್ಕೆ ಒಂದೊಂದು ಬೆಲ್ಟ್ ಕೊಟ್ಟರೂ 68 ವಿಶ್ವ ಚಾಂಪಿಯನ್‌ಗಳಾಗುತ್ತಾರೆ. ಹಳೆಯ ಅಭಿಮಾನಿಗಳ ಸಿಟ್ಟು ನ್ಯಾಯವೇ. ಎಂಟೇ ವಿಭಾಗಗಳಿದ್ದ ಕಾಲದಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಮೂರು ಪ್ರಶಸ್ತಿಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರು. ಐವತ್ತು ವರ್ಷದ ನಂತರ, 1988ರ ನವೆಂಬರ್‌ನಲ್ಲಿ, ಲೆನರ್ಡ್ ಮತ್ತು ಡಾನಿ ಲಾಲಾಂಡ್ 168 ಪೌಂಡ್‌ಗಳ ಮಿತಿಯೊಳಗೆ ತೂಗಿ ನಿಂತು, ಒಂದೇ ಪಂದ್ಯದಲ್ಲಿ ಎರಡು ವಿಭಾಗಗಳ ಪ್ರಶಸ್ತಿಗಾಗಿ ಸೆಣಸಿದರು. ಆರ್ಮ್‌ಸ್ಟ್ರಾಂಗ್ ಸಾಧನೆಗೂ ಇದಕ್ಕೂ ಇರುವ ಅಂತರವನ್ನು ವಿವರಿಸಬೇಕಿಲ್ಲ.

ಆದರೆ ಆ ಸಿಟ್ಟು ತಪ್ಪು ಬಾಗಿಲು ಬಡಿಯುತ್ತಿದೆ. ಬೆಲ್ಟ್‌ಗಳು ಅಗ್ಗವಾದದ್ದು ನಾಲ್ಕು ಸಂಸ್ಥೆಗಳಿಂದ. ಎಂಟೇ ವಿಭಾಗ ಉಳಿದಿದ್ದರೂ ಚಾಂಪಿಯನ್‌ಗಳು 32 ಆಗುತ್ತಿದ್ದರು. ಹೊಸ ವಿಭಾಗಗಳು ಯಾರಿಗೆ ಬದುಕು ಕೊಟ್ಟವು ನೋಡಿ. 1975ರಲ್ಲಿ 108 ಪೌಂಡ್, 1980ರಲ್ಲಿ 115, 1987ರಲ್ಲಿ 105. ಮೆಕ್ಸಿಕೋದ ರಿಕಾರ್ಡೊ ಲೋಪೆಸ್ 105 ಪೌಂಡ್‌ಗಳಲ್ಲಿ ವರ್ಷಗಟ್ಟಲೆ ಸೋಲರಿಯದೆ ಆಳಿದರು. ಥಾಯ್ಲೆಂಡ್‌ನ ಖಾವೊಸಾಯ್ ಗ್ಯಾಲಕ್ಸಿ 115ರಲ್ಲಿ ಹಾಗೆಯೇ ಮೆರೆದರು. ಆ ವಿಭಾಗಗಳಿಲ್ಲದಿದ್ದರೆ ಇಂಥವರು ತಮಗಿಂತ ದಪ್ಪನೆಯವರ ಕೈಯಲ್ಲಿ ಏಟು ತಿನ್ನಬೇಕಿತ್ತು, ಇಲ್ಲವೇ ಆಟವನ್ನೇ ಬಿಡಬೇಕಿತ್ತು. ಏಷ್ಯಾದ ಸಣ್ಣ ಮೈಕಟ್ಟಿನ ಹುಡುಗರಿಗೆ ಆ ಮೂರು ಪೌಂಡಿನ ಅಂತರ ದೊಡ್ಡ ಉಪಕಾರ.

ಆ ಉಪಕಾರ ಉಳಿಯಿತೇ? 1980ರ ದಶಕದ ಆರಂಭದವರೆಗೂ ಸಾಮಾನ್ಯವಾಗಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಿದ್ದರು. ಬತ್ತಿದ ಮೈಯಲ್ಲಿ ಯಾರೂ ರಿಂಗ್ ಹತ್ತಬಾರದು, ಚೇತರಿಸಿಕೊಳ್ಳಲು ಹೊತ್ತು ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಅದನ್ನು ಹಿಂದಿನ ದಿನಕ್ಕೆ ತಂದರು. ಆಟಗಾರರು ಬೇರೆ ಲೆಕ್ಕ ಹಾಕಿದರು. ಒಂದು ದಿನ ಸಿಕ್ಕರೆ ಇನ್ನೂ ಹೆಚ್ಚು ನೀರು ತೆಗೆಯಬಹುದು, ಇನ್ನೂ ಕೆಳಗಿನ ವಿಭಾಗಕ್ಕೆ ಇಳಿಯಬಹುದು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆರ್ಟುರೊ ಗ್ಯಾಟಿ ಮತ್ತು ಜೋಯಿ ಗಮಾಷ್ ನಡುವಣ ಪಂದ್ಯದ ಮಿತಿ 141 ಪೌಂಡ್. ತೂಕ ನೋಡಿದ ಮರುದಿನ ರಾತ್ರಿ ರಿಂಗ್ ಹತ್ತುವ ಮೊದಲು ಟಿವಿಯವರು ತೂಗಿದಾಗ ಗಮಾಷ್ 145, ಗ್ಯಾಟಿ 160. ಎರಡನೆಯ ಸುತ್ತಿನಲ್ಲಿ ಗಮಾಷ್ ಬಿದ್ದರು, ಮತ್ತೆಂದೂ ರಿಂಗ್‌ಗೆ ಮರಳಲಿಲ್ಲ. ಮೂರು, ನಾಲ್ಕು, ಐದು ಪೌಂಡಿನ ಅಂತರದಲ್ಲಿ ವಿಭಾಗಗಳನ್ನು ಕಟ್ಟಿಕೊಂಡು, ಒಂದೇ ರಾತ್ರಿಯಲ್ಲಿ ಹತ್ತೊಂಬತ್ತು ಪೌಂಡ್ ಏರಲು ದಾರಿ ಬಿಟ್ಟರೆ ಆ ವಿಭಾಗಗಳಿಗೆ ಏನು ಅರ್ಥ?

ನನ್ನ ಬಗೆಹರಿಯದ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ. ಸುತ್ತು ಇಳಿದದ್ದು, ತೂಕ ಹಿಂದಿನ ದಿನಕ್ಕೆ ಹೋದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಒಬ್ಬ ರೋಗಿಗೆ ಒಂದೇ ವಾರದಲ್ಲಿ ಎರಡು ಹೊಸ ಮಾತ್ರೆ ಶುರು ಮಾಡಿದರೆ ಜ್ವರ ಇಳಿಸಿದ್ದು ಯಾವುದು, ಮೈಮೇಲೆ ದದ್ದು ತಂದದ್ದು ಯಾವುದು ಎಂದು ಯಾವ ವೈದ್ಯನೂ ಖಚಿತವಾಗಿ ಹೇಳಲಾರ. 12 ಸುತ್ತು ಉಳಿಸಿದ ಜೀವಗಳನ್ನು ಹಿಂದಿನ ದಿನದ ತೂಕ ಬಲಿ ತೆಗೆದುಕೊಂಡಿತೇ? ಅದಿಲ್ಲದಿದ್ದರೆ ಸಾವು ಇನ್ನಷ್ಟು ಇಳಿಯುತ್ತಿತ್ತೇ? ಬತ್ತಿದ ದೇಹಕ್ಕೆ ಒಂದು ದಿನದಲ್ಲಿ ನೀರು ತುಂಬುತ್ತದೆ ನಿಜ, ಆದರೆ ಮಿದುಳೂ ಅಷ್ಟೇ ಬೇಗ ಮೊದಲಿನ ಸ್ಥಿತಿಗೆ ಬರುತ್ತದೆಯೇ? ಇದಕ್ಕೆ ಉತ್ತರ ಕೊಡಬಲ್ಲ ದಾಖಲೆಯನ್ನು ನಾವು ಇಟ್ಟೇ ಇಲ್ಲ. ಹಿಂದಿನ ದಿನದ ತೂಕ ಬರೆದಿಟ್ಟಿದ್ದೇವೆ, ರಿಂಗ್ ಹತ್ತಿದ ಕ್ಷಣದ ತೂಕ ಬರೆದಿಟ್ಟಿಲ್ಲ.

ಕಿರಿಯರ ಒಂದು ಕೂಟದಲ್ಲಿ ಕಂಡ ದೃಶ್ಯವನ್ನು ಹೇಳಬೇಕು. ಮುಂಜಾನೆ, ಇನ್ನೂ ಬೆಳಕು ಹರಿದಿರಲಿಲ್ಲ. ಹದಿನಾರರ ಹುಡುಗನೊಬ್ಬ ಎರಡು ಸ್ವೆಟರ್ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಮೈದಾನದ ಸುತ್ತ ಓಡುತ್ತಿದ್ದ. ಕೈಯಲ್ಲಿ ಖಾಲಿ ನೀರಿನ ಬಾಟಲಿ. ಬಾಯಲ್ಲಿ ಚ್ಯೂಯಿಂಗ್ ಗಮ್ ಅಗಿಯುತ್ತ ಆ ಬಾಟಲಿಗೆ ಉಗುಳುತ್ತಿದ್ದ. ತೂಕದ ಯಂತ್ರದಿಂದ ಇಳಿದವನೇ ಗೋಡೆಗೆ ಒರಗಿ ಕುಸಿದು ಕೂತ. ನಾಡಿ ಹಿಡಿದು ನೋಡಿದೆ, ಬಾಯಿ ತೆರೆಸಿದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಆಡಲು ಬಿಡಿ ಸಾರ್ ಎಂದು ಕೈ ಮುಗಿದ. ನಾನು ಸಹಿ ಹಾಕಲಿಲ್ಲ. ಅವನ ಕಣ್ಣೀರು ಇವತ್ತಿಗೂ ನೆನಪಿದೆ, ಸಹಿ ಹಾಕದ ಬಗ್ಗೆ ಇವತ್ತಿಗೂ ಸಮಾಧಾನವಿದೆ.

ಇಲ್ಲಿ ಒಬ್ಬರು ಎದ್ದು ಆಕ್ಷೇಪಿಸಬಹುದು: ಈ ಹುಡುಗನ ತೂಕ ನೋಡಿದ್ದು ಅದೇ ಬೆಳಿಗ್ಗೆ ತಾನೇ, ಹಾಗಾದರೆ ಬೆಳಗಿನ ತೂಕ ಏನು ತಡೆಯಿತು? ಸರಿಯಾದ ಆಕ್ಷೇಪ. ಒಲಿಂಪಿಕ್ ಮಾದರಿಯ ಬಾಕ್ಸಿಂಗ್‌ನಲ್ಲಿ ಪಂದ್ಯದ ದಿನವೇ ತೂಕ. ಆದರೆ ಅಲ್ಲಿನ ತೊಂದರೆ ತದ್ವಿರುದ್ಧ, ವಿಭಾಗಗಳೇ ಸಾಲದು. ಸಿಡ್ನಿಯಲ್ಲಿ ಪುರುಷರಿಗೆ ಹನ್ನೆರಡಿದ್ದವು, ಪ್ಯಾರಿಸ್‌ನಲ್ಲಿ ಏಳು. ಮಹಿಳೆಯರಿಗೆ ಲಂಡನ್‌ನಲ್ಲಿ ಮೂರೇ. 46, 48 ಕೆ.ಜಿ.ಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ ಅಲ್ಲಿ 51 ಕೆ.ಜಿ.ಗೆ ಏರಬೇಕಾಯಿತು, ಕಂಚು ಗೆದ್ದರು. 2018ರಲ್ಲಿ ಪೋಲೆಂಡ್‌ನ ಕೂಟಕ್ಕೆ ಹೋದಾಗ ನಸುಕಿನಲ್ಲಿ ವಿಮಾನ ಇಳಿದು, ನಾಲ್ಕು ಗಂಟೆಯೊಳಗೆ ಸುಮಾರು ಎರಡು ಕೆ.ಜಿ. ಇಳಿಸಲು ಒಂದು ಗಂಟೆ ಬಿಡದೆ ಸ್ಕಿಪ್ಪಿಂಗ್ ಮಾಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅಮಿತ್ ಪಂಘಲ್ 49 ಕೆ.ಜಿ.ಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. ಒಲಿಂಪಿಕ್ಸ್‌ನಿಂದ ಆ ವಿಭಾಗವೇ ಹೋಯಿತು, 52ಕ್ಕೆ ಏರಿದರು. ಟೋಕಿಯೋದಲ್ಲಿ 69 ಕೆ.ಜಿ.ಯಲ್ಲಿ ಕಂಚು ಗೆದ್ದ ಲವ್ಲಿನಾ ಪ್ಯಾರಿಸ್‌ಗೆ 75ಕ್ಕೆ ಏರಬೇಕಾಯಿತು. ಕುಸ್ತಿಯ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಿ ಫೈನಲ್ ಕಳೆದುಕೊಂಡದ್ದನ್ನು ದೇಶವೇ ಕಂಡಿತು. ತಮ್ಮ ಎಂದಿನ 53 ಬಿಟ್ಟು 50ಕ್ಕೆ ಇಳಿದಿದ್ದರು ಅವರು.

ಒಂದು ಕಡೆ ವಿಭಾಗ ಧಾರಾಳ, ತೂಕದ ಹೊತ್ತು ಸಡಿಲ. ಇನ್ನೊಂದು ಕಡೆ ಹೊತ್ತು ಬಿಗಿ, ವಿಭಾಗ ಬಡವು. ವೃತ್ತಿಪರರ ವಿಭಾಗಗಳನ್ನೂ ಒಲಿಂಪಿಕ್ಸ್‌ನ ತೂಕದ ಹೊತ್ತನ್ನೂ ಒಟ್ಟಿಗೆ ತರಬೇಕು ಎಂಬುದೇ ನನ್ನ ಮಾತಿನ ತಿರುಳು. ಇದು ಆಗದ ಹೋಗದ ಕನಸಲ್ಲ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತಾಗ, ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ತೂಕವನ್ನು ಕುಸ್ತಿಯ ಹೊತ್ತಿಗೆ ಹತ್ತಿರ ತಂದಿತು, ರಬ್ಬರ್ ಸೂಟ್ ನಿಷೇಧಿಸಿತು. ಒಬ್ಬೊಬ್ಬ ಆಟಗಾರನೂ ಎಷ್ಟರವರೆಗೆ ಇಳಿಯಬಹುದೆಂದು ಋತುವಿನ ಆರಂಭದಲ್ಲೇ ನಿಗದಿ ಮಾಡಿತು. ಆ ಹದಿನಾರರ ಹುಡುಗನಿಗೆ ಬೇಕಾಗಿದ್ದದ್ದು ಇದೇ ಕೊನೆಯ ನಿಯಮ. ವೃತ್ತಿಪರ ಬಾಕ್ಸಿಂಗ್‌ನಲ್ಲೂ ಐಬಿಎಫ್ ತನ್ನ ಪ್ರಶಸ್ತಿ ಪಂದ್ಯಗಳಿಗೆ ಮರುದಿನ ಬೆಳಿಗ್ಗೆ ಎರಡನೆಯ ತೂಕ ನೋಡಿ ಹತ್ತು ಪೌಂಡಿನ ಮಿತಿ ಹಾಕಿದ್ದುಂಟು. ದಾರಿ ತೆರೆದಿದೆ, ನಡೆಯುವವರು ಬೇಕು.

ಮಹಿಳೆಯರ ವಿಷಯವನ್ನು ನಾಳಿನ ಗೋಷ್ಠಿಯವರಿಗೆ ಬಿಡುತ್ತ ಒಂದೇ ಮಾತು. ಅವರ ವಿಶ್ವ ಪ್ರಶಸ್ತಿ ಪಂದ್ಯಗಳು ಸಾಮಾನ್ಯವಾಗಿ ಹತ್ತು ಸುತ್ತು, ಸುತ್ತಿಗೆ ಎರಡೇ ನಿಮಿಷ. ಅಮಾಂಡಾ ಸೆರಾನೊ 2023ರಲ್ಲಿ ಪುರುಷರಂತೆ ಮೂರು ನಿಮಿಷದ 12 ಸುತ್ತು ಆಡಿ, ಅದಕ್ಕೆ ಒಪ್ಪದ ಡಬ್ಲ್ಯುಬಿಸಿಯ ಬೆಲ್ಟನ್ನೇ ಬಿಟ್ಟುಕೊಟ್ಟರು. ಸುತ್ತಿನ ಬಗ್ಗೆ ಆಡುವವರನ್ನು ಕೇಳದೆ ಮಾಡಿದ ನಿಯಮ ಎಷ್ಟು ದಿನ ನಿಲ್ಲಬಲ್ಲದು ಎಂಬುದನ್ನು ನಾಳೆ ಚರ್ಚಿಸಿ.

ಕೊನೆಯದಾಗಿ ಒಂದು ಬೇಡಿಕೆ. ಈ ಸಂಕಿರಣ ಠರಾವು ಮಾಡಿ ಮುಗಿಯುವುದು ಬೇಡ. ನಿಮ್ಮ ನಿಮ್ಮ ಜಿಲ್ಲೆಯ ಕೂಟಗಳಲ್ಲಿ ಒಂದು ನೋಟ್‌ಬುಕ್ ಇಡಿ, ನಾಲ್ಕು ಕಾಲಂ ಸಾಕು: ಅಧಿಕೃತ ತೂಕ, ರಿಂಗ್ ಹತ್ತುವ ಮುಂಚಿನ ತೂಕ, ಪಂದ್ಯ ನಿಂತ ಸುತ್ತು, ನಿಲ್ಲಿಸಿದವರು ಯಾರು. ಕೋಚ್‌ಗಳು ಬರೆಯಲಿ, ವೈದ್ಯರು ಸಹಿ ಹಾಕಲಿ, ಸಂಖ್ಯಾಶಾಸ್ತ್ರದ ಮಿತ್ರರು ಒಟ್ಟುಗೂಡಿಸಲಿ. ಒಂದು ಕೂಟದ ಲೆಕ್ಕದಿಂದ ಏನೂ ತಿಳಿಯದು, ಹತ್ತು ವರ್ಷದ ಲೆಕ್ಕದಿಂದ ನನ್ನ ಪ್ರಶ್ನೆಗೆ ಉತ್ತರ ಸಿಕ್ಕೀತು. ಆ ಉತ್ತರ ನನ್ನ ನಂಬಿಕೆಗೆ ವಿರುದ್ಧವಾಗಿ ಬಂದರೂ ತಲೆಬಾಗಿ ಒಪ್ಪುತ್ತೇನೆ. ಅದು ಬರುವವರೆಗೆ, ಬತ್ತಿದ ನಾಲಿಗೆಯ ಮಗುವೊಂದು ನಿಮ್ಮೆದುರು ಕೈ ಮುಗಿದು ನಿಂತರೆ, ದಯಮಾಡಿ ಸಹಿ ಹಾಕಬೇಡಿ.